ಹ್ಯಾಕ್ನಿಯ ಗಾಜಿನ ವಜ್ರಗಳು

ಲಂಡನ್ ನಗರದ ಪೂರ್ವಭಾಗದಲ್ಲಿ ಹ್ಯಾಕ್ನಿ ಎಂಬುದೊಂದು ಪ್ರದೇಶವಿದೆ. ರಾತ್ರಿಯ ವೇಳೆ ಯಾರೋ ಕಿಟಕಿಯನ್ನೋ, ನಿಲ್ಲಿಸಿದ ಮೋಟಾರಿನ ಗಾಜನ್ನೋ ಒಡೆದುಹಾಕಿದರೆ, ಬೆಳಗ್ಗೆ ಬೀದಿಯಲ್ಲಿ ಚೆಲ್ಲಿ ಮಿನುಗುವ ಚೂರುಗಳಿಗೆ ಅಲ್ಲಿಯ ಆಡುಮಾತಿನಲ್ಲಿ 'ಹ್ಯಾಕ್ನಿ ಡೈಮಂಡ್ಸ್' ಎಂದು ಹೆಸರು. ರೋಲಿಂಗ್ ಸ್ಟೋನ್ಸ್ ಎಂಬ ಹಿರಿಯ ರಾಕ್ ತಂಡವು 2023ರ ಅಕ್ಟೋಬರ್ 20ರಂದು ಹೊರತಂದ ಆಲ್ಬಮ್ಮಿಗೆ ಈ ಹೆಸರನ್ನೇ ಇಟ್ಟಿತು. ಅದಕ್ಕೆ ಮುಂಚೆ ಅವರು ಸ್ವಂತ ರಚನೆಗಳ ಆಲ್ಬಮ್ಮನ್ನು ಕೊಟ್ಟದ್ದು 2005ರಲ್ಲಿ. ನಡುವೆ 2016ರಲ್ಲಿ ಬಂದದ್ದು ಪರರ ಹಳೆಯ ಬ್ಲೂಸ್ ಹಾಡುಗಳ ಸಂಕಲನ. ಹದಿನೆಂಟು ವರ್ಷಗಳ ಮೌನದ ಬಳಿಕ ಹನ್ನೆರಡು ಹಾಡುಗಳು ಬಂದಾಗ ಗಾಯಕ ಮಿಕ್ ಜಾಗರ್ ಅವರಿಗೆ ಎಂಬತ್ತು ತುಂಬಿದ್ದಿತು. ಗಿಟಾರ್ ವಾದಕ ಕೀತ್ ರಿಚರ್ಡ್ಸ್ ಅವರಿಗೆ ಎಂಬತ್ತು ತುಂಬಲು ಎರಡೇ ತಿಂಗಳು ಉಳಿದಿದ್ದಿತು.

ಆಲ್ಬಮ್ ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. 2025ರ ಫೆಬ್ರವರಿಯಲ್ಲಿ ಶ್ರೇಷ್ಠ ರಾಕ್ ಆಲ್ಬಮ್ ಎಂಬ ಗ್ರ್ಯಾಮಿ ಪ್ರಶಸ್ತಿಯನ್ನೂ ಪಡೆಯಿತು. ಅದರ ಬಗ್ಗೆ ನಾನು ಓದಿದ ಮೆಚ್ಚಿಕೆಯ ಮಾತುಗಳಲ್ಲಿ ಹೆಚ್ಚಿನವುಗಳ ಸಾರ ಒಂದೇ: ಇವರು ಇನ್ನೂ ತರುಣರಂತೆ ಹಾಡುತ್ತಾರೆ. ಈ ಮೆಚ್ಚಿಕೆಯಲ್ಲಿ ನನಗೊಂದು ಮುಳ್ಳು ಕಂಡಿತು.

ನಮ್ಮಲ್ಲಿ ಮಲ್ಲಿಕಾರ್ಜುನ ಮನ್ಸೂರರು ಎಂಬತ್ತರ ಅಂಚಿನಲ್ಲಿ ಹಾಡಲು ಕುಳಿತಾಗ, ತರುಣನಂತೆ ಹಾಡಿದರೆಂದು ಯಾರೂ ಹೊಗಳಲಿಲ್ಲ. ವಯಸ್ಸು ಅವರ ರಾಗಕ್ಕೆ ಸೇರಿಕೊಂಡಿತ್ತು. ಕೇಳುವವರು ಅದನ್ನೇ ಕೇಳಲು ಹೋಗುತ್ತಿದ್ದರು. ರಾಕ್ ಸಂಗೀತಕ್ಕೆ ಆ ಭಾಗ್ಯವಿಲ್ಲ. ಅದು ಹುಟ್ಟಿದ್ದೇ ಹದಿಹರೆಯದವರ ಅತೃಪ್ತಿಯಿಂದ. ಅದನ್ನು ಹಾಡುವವನು ಮುದುಕನಾದರೆ ಏನು ಮಾಡಬೇಕು ಎಂಬ ಪ್ರಶ್ನೆಗೆ ಆ ಕಲೆಯಲ್ಲಿ ಪೂರ್ವಾಚಾರ್ಯರ ಉತ್ತರವಿಲ್ಲ. ಏಕೆಂದರೆ ಪೂರ್ವಾಚಾರ್ಯರು ಇವರೇ.

ಇಲ್ಲಿ ನನ್ನ ಪಕ್ಷಪಾತವನ್ನು ಮೊದಲೇ ಒಪ್ಪಿಕೊಳ್ಳುವುದು ಲೇಸು. 2003ರ ಏಪ್ರಿಲ್ 4ರಂದು ಈ ತಂಡವು ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿತು. ನಾನಾಗ ಕನ್ನಡ ಎಂ.ಎ. ವಿದ್ಯಾರ್ಥಿ. ಹಳಗನ್ನಡದ ಪರೀಕ್ಷೆ ಹತ್ತಿರ ಬಂದಿದ್ದಿತು. ಪಂಪನನ್ನು ಮಡಚಿಟ್ಟು, ಸ್ನೇಹಿತನಿಂದ ಸಾಲ ಪಡೆದ ದುಡ್ಡಿನಲ್ಲಿ ಟಿಕೆಟು ಕೊಂಡು ಹೋದೆ. ಬಹು ಹಿಂದೆ ನಿಂತಿದ್ದುದರಿಂದ ವೇದಿಕೆಯ ಮೇಲಿನವರು ಹೆಬ್ಬೆರಳಿನಷ್ಟು ಕಾಣುತ್ತಿದ್ದರು. ಜಾಗರ್ ಅವರಿಗೆ ಅಂದು ಐವತ್ತೊಂಬತ್ತು. "ಈ ಅಜ್ಜಂದಿರಿಗೆ ಇದೆಲ್ಲ ಬೇಕೆ?" ಎಂದು ನಾವು ನಕ್ಕದ್ದು ನೆನಪಿದೆ. ಈಗ ನನ್ನ ವಿದ್ಯಾರ್ಥಿಗಳು ನನ್ನನ್ನು ನೋಡುವ ಬಗೆಯನ್ನು ಗಮನಿಸಿದರೆ ಆ ನಗೆಯ ಬೆಲೆ ತಿಳಿಯುತ್ತದೆ. ಅಂತೂ ಹೊಸ ಹಾಡುಗಳನ್ನು ಕೇಳಲು ಕುಳಿತಾಗ ನನಗಿದ್ದ ಭಯ ಇದು: ಕಿವಿಗೆ ಬೀಳುತ್ತಿರುವುದು ಅವರ ಸಂಗೀತವೋ, ನನ್ನ ಇಪ್ಪತ್ತೊಂದನೆಯ ವಯಸ್ಸೋ?

ಮೊದಲನೆಯ ಹಾಡು 'ಆಂಗ್ರಿ'. ಚೊಕ್ಕವಾಗಿದೆ, ಎರಡನೆಯ ಸಲ ಕೇಳುವಷ್ಟರಲ್ಲಿ ಬಾಯಿಗೆ ಬಂದುಬಿಡುತ್ತದೆ. ಆದರೆ ಹೆಸರಿನಲ್ಲಿರುವ ಕೋಪ ಹಾಡಿನಲ್ಲಿಲ್ಲ. ನಿರ್ಮಾಪಕರು ಆಂಡ್ರೂ ವಾಟ್ ಎಂಬ ಮೂವತ್ತರ ಆಸುಪಾಸಿನ ಯುವಕರು. ಎಲ್ಲ ವಾದ್ಯಗಳನ್ನೂ ಇಂದಿನ ರೂಢಿಯಂತೆ ಒಂದೇ ಎತ್ತರಕ್ಕೆ ತಂದು, ಸಂದುಗಳನ್ನೆಲ್ಲ ತುಂಬಿ, ಮೇಲ್ಮೈಗೆ ಮೆರುಗು ಕೊಟ್ಟಿದ್ದಾರೆ. ಸ್ಟೋನ್ಸರ ಹಳೆಯ ಧ್ವನಿಮುದ್ರಿಕೆಗಳಲ್ಲಿ ವಾದ್ಯಗಳ ನಡುವೆ ಗಾಳಿಯಾಡುತ್ತಿದ್ದಿತು. ಇಲ್ಲಿ ಹಲವು ಹಾಡುಗಳಿಗೆ ಉಸಿರಾಡಲು ಎಡೆಯಿಲ್ಲ. 'ತರುಣರಂತೆ' ಎಂಬ ಪ್ರಶಂಸೆ ಹುಟ್ಟಿದ್ದು ಬಹುಮಟ್ಟಿಗೆ ಈ ಮೆರುಗಿನಿಂದಲೇ. 'ಬೈಟ್ ಮೈ ಹೆಡ್ ಆಫ್' ಹಾಡಿನಲ್ಲಿ ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ ಬೇಸ್ ಗಿಟಾರನ್ನು ಗರಗಸದಂತೆ ಗರಗರಗುಟ್ಟಿಸುತ್ತಾರೆ. ಎಂಬತ್ತರ ಇಬ್ಬರು ಸೇರಿ ಮಾಡಿದ ತುಂಟತನವದು. ವಿಮರ್ಶಕನಾಗಿ ತಲೆಯಾಡಿಸಬೇಕಾದ ಕಡೆ ಅಭಿಮಾನಿಯಾಗಿ ಕಾಲು ಕುಣಿಸಿದೆನೆಂದು ಹೇಳದಿದ್ದರೆ ಸುಳ್ಳಾದೀತು.

ಮೆರುಗು ಸರಿದು ಮನುಷ್ಯರು ಕಾಣುವ ಕಡೆಗಳೂ ಇವೆ. 'ಟೆಲ್ ಮಿ ಸ್ಟ್ರೈಟ್' ಹಾಡನ್ನು ಹಾಡುವವರು ರಿಚರ್ಡ್ಸ್. ಅವರ ಕೊರಳು ಎಂದೂ ಸುಶ್ರಾವ್ಯವಾಗಿರಲಿಲ್ಲ. ಈಗ ಒರಟು ಇನ್ನೂ ಹೆಚ್ಚಾಗಿದೆ. ಆದರೆ ಇದ್ದದ್ದನ್ನು ನೇರವಾಗಿ ಹೇಳಿಬಿಡು ಎಂದು ಕೇಳುವ ಹಾಡಿಗೆ ಬೇಕಾದದ್ದು ಅಂತಹ ಕೊರಳೇ. ಏಳು ನಿಮಿಷಕ್ಕೂ ಮೀರಿದ 'ಸ್ವೀಟ್ ಸೌಂಡ್ಸ್ ಆಫ್ ಹೆವನ್'ನಲ್ಲಿ ಲೇಡಿ ಗಾಗಾ ಜೊತೆಗೆ ಹಾಡುತ್ತಾರೆ, ಸ್ಟೀವಿ ವಂಡರ್ ಪಿಯಾನೊ ನುಡಿಸುತ್ತಾರೆ. ಹಾಡು ಮುಗಿಯಿತೆಂದು ನಾವು ತಿಳಿಯುವಷ್ಟರಲ್ಲಿ ಮೆಲ್ಲನೆ ಮತ್ತೆ ತೊಡಗುತ್ತದೆ. ನಮ್ಮ ಕಚೇರಿಗಳಲ್ಲಿ ಮನೋಧರ್ಮ ಎನ್ನುತ್ತೇವಲ್ಲ, ಅದರ ಬಿಸಿ ಆ ಕೊನೆಯ ಭಾಗದಲ್ಲಿದೆ. ಜಾಗರ್ ಅವರ ಧ್ವನಿಶಕ್ತಿಯನ್ನು ಯಂತ್ರದ ಉಪಕಾರವೆಂದು ತಳ್ಳಿಹಾಕುವವರು ಇದನ್ನೊಮ್ಮೆ ಕೇಳಬೇಕು.

ಆದರೆ ನನ್ನ ಮಟ್ಟಿಗೆ ಈ ಆಲ್ಬಮ್ಮಿನ ಹೃದಯವಿರುವುದು ಡ್ರಮ್ ಬಾರಿಸುವವರ ಪೀಠದಲ್ಲಿ. 1963ರಿಂದ ಅಲ್ಲಿ ಕುಳಿತಿದ್ದ ಚಾರ್ಲಿ ವಾಟ್ಸ್ 2021ರ ಆಗಸ್ಟ್ 24ರಂದು ತೀರಿಕೊಂಡರು. ರಾಕ್ ತಂಡಗಳಲ್ಲಿ ಸಾಮಾನ್ಯವಾಗಿ ಡ್ರಮ್ ಮುನ್ನಡೆಸುತ್ತದೆ, ಮಿಕ್ಕವರು ಹಿಂಬಾಲಿಸುತ್ತಾರೆ. ಇವರಲ್ಲಿ ಮುಂದೆ ಹೋಗುತ್ತಿದ್ದುದು ರಿಚರ್ಡ್ಸರ ಗಿಟಾರ್; ಅದನ್ನು ಕೇಳಿಕೊಂಡು ವಾಟ್ಸ್ ಕೂದಲೆಳೆಯಷ್ಟು ತಡೆದು ಪೆಟ್ಟು ಹಾಕುತ್ತಿದ್ದರು. ಎಡಗೈ ಸ್ನೇರ್ ಡ್ರಮ್ಮಿನ ಮೇಲೆ ಬೀಳುವ ಕ್ಷಣಕ್ಕೆ ಬಲಗೈಯನ್ನು ಜೋಡಿತಟ್ಟೆಗಳಿಂದ ಎತ್ತಿಬಿಡುವುದು ಅವರ ಅಭ್ಯಾಸ. ಆದ್ದರಿಂದ ಆ ಪೆಟ್ಟು ಒಂಟಿಯಾಗಿ, ಸ್ವಚ್ಛವಾಗಿ ಕೇಳುತ್ತಿದ್ದಿತು. ಜಾಜ್ ಸಂಗೀತವನ್ನು ಪ್ರೀತಿಸಿದ ಆ ಮಿತಭಾಷಿಯು ಗದ್ದಲದ ನಡುವೆ ಇಟ್ಟ ಮೌನವೇ ತಂಡದ ನಡಿಗೆಯಾಗಿದ್ದಿತು. ಅವರ ಸ್ಥಾನಕ್ಕೆ ಬಂದ ಸ್ಟೀವ್ ಜೋರ್ಡನ್ ಸಮರ್ಥರು, ರಿಚರ್ಡ್ಸರ ಹಳೆಯ ಜೊತೆಗಾರರು. ಅವರ ಲಯದಲ್ಲಿ ತಪ್ಪು ಹುಡುಕಲಾರೆ. ಆದರೆ ಆ ತಡೆ ಇಲ್ಲ.

ಏಳನೆಯ ಮತ್ತು ಎಂಟನೆಯ ಹಾಡುಗಳಲ್ಲಿ ಮಾತ್ರ ವಾಟ್ಸ್ ಇದ್ದಾರೆ. 2019ರಲ್ಲಿ ಮುದ್ರಿಸಿಟ್ಟಿದ್ದ ವಾದನವದು. ಎಂಟನೆಯದಾದ 'ಲಿವ್ ಬೈ ದ ಸೋರ್ಡ್'ಗಾಗಿ, ಮೂವತ್ತು ವರ್ಷಗಳ ಹಿಂದೆಯೇ ತಂಡವನ್ನು ತೊರೆದಿದ್ದ ಬಿಲ್ ವೈಮನ್ ಅವರನ್ನು ಕರೆಸಿದರು. ಎಂಬತ್ತಾರರ ವೃದ್ಧರು ಬಂದು, ಗತಿಸಿದ ಗೆಳೆಯನ ತಾಳಕ್ಕೆ ಬೇಸ್ ಗಿಟಾರ್ ನುಡಿಸಿ ಹೋದರು. ಹಾಡಾಗಿ ಅದೇನೂ ಅದ್ಭುತವಲ್ಲ. ಆದರೂ ಆ ಇಬ್ಬರ ನಡಿಗೆ ಕೂಡಿದ ಕೂಡಲೇ ತಂಡದ ಮೈಗೆ ಹಳೆಯ ತೂಗಾಟ ಬರುತ್ತದೆ. ಮೊದಲ ಸಲ ಕೇಳಿದಾಗ ಇಲ್ಲಿ ಬಾರಿಸುತ್ತಿರುವವರು ಯಾರೆಂಬುದು ನನಗೆ ತಿಳಿದಿರಲಿಲ್ಲ, ಕಾಲಿಗೆ ತಿಳಿಯಿತು. ನನ್ನ ಕಿವಿ ಪೂರ್ತಿಯಾಗಿ ನೆನಪಿನ ವಶದಲ್ಲಿಲ್ಲ ಎಂಬ ಧೈರ್ಯವೂ ಆಗ ಬಂದಿತು.

ಅದೇ 2023ರ ನವೆಂಬರ್ 2ರಂದು ಬೀಟಲ್ಸ್ ತಂಡದ 'ನೌ ಅಂಡ್ ದೆನ್' ಬಂದದ್ದನ್ನು ಸಹೃದಯರು ಬಲ್ಲರು. 1980ರಲ್ಲಿ ಹತರಾದ ಜಾನ್ ಲೆನನ್ ಅವರ ದನಿಯನ್ನು ಹಳೆಯ ಕ್ಯಾಸೆಟ್ಟಿನಿಂದ ಯಂತ್ರಬುದ್ಧಿಯ ನೆರವಿನಿಂದ ಬೇರ್ಪಡಿಸಿ ಕಟ್ಟಿದ ಹಾಡದು. ಅದನ್ನು ಕೇಳಿ ಕಣ್ಣು ತುಂಬಿದವರನ್ನು ನಾನು ಹಾಸ್ಯಮಾಡುವುದಿಲ್ಲ. ಆದರೆ ನನಗೆ ಹೆಚ್ಚು ಹತ್ತಿರವಾದದ್ದು ವೈಮನ್ ಬಂದು ನುಡಿಸಿದ್ದು. ಅಲ್ಲಿ ದನಿಯನ್ನು ತೊಳೆದು ಹೊಸದು ಮಾಡಿದ್ದಾರೆ. ಇಲ್ಲಿ ವಾಟ್ಸ್ ಬಾರಿಸಿದ ಎರಡು ಹಾಡುಗಳನ್ನು ಬಿಟ್ಟರೆ ಉಳಿದ ಕಡೆಗಳಲ್ಲಿ ಅವರ ಜಾಗ ಖಾಲಿಯಾಗಿಯೇ ಕೇಳುತ್ತದೆ.

ಕಟ್ಟಕಡೆಯ ಹಾಡು ಇವರದಲ್ಲ. 1950ರಲ್ಲಿ ಷಿಕಾಗೋವಿನ ಮಡ್ಡಿ ವಾಟರ್ಸ್ ಹಾಡಿ ಮುದ್ರಿಸಿದ ಬ್ಲೂಸ್; ತಂಡಕ್ಕೆ ಹೆಸರು ಬಂದದ್ದು ಅದರಿಂದ. 1961ರಲ್ಲಿ ಡಾರ್ಟ್‌ಫರ್ಡ್ ರೈಲುನಿಲ್ದಾಣದಲ್ಲಿ, ಒಂದೇ ಶಾಲೆಯಲ್ಲಿ ಓದಿ ಬೇರೆಯಾಗಿದ್ದ ಇಬ್ಬರು ಹುಡುಗರು ಮತ್ತೆ ಎದುರಾದಾಗ, ಜಾಗರ್ ಅವರ ಕಂಕುಳಲ್ಲಿ ಇದೇ ಮಡ್ಡಿ ವಾಟರ್ಸರ ತಟ್ಟೆಯಿದ್ದಿತು. ರಿಚರ್ಡ್ಸ್ ಅದನ್ನು ಕಂಡು ಮಾತಿಗೆ ನಿಂತರು. ಇಲ್ಲಿ ಆ ಇಬ್ಬರೇ ಇದ್ದಾರೆ: ಒಂದು ಗಿಟಾರ್, ಒಂದು ಮೌತ್ ಆರ್ಗನ್, ಒಂದು ಕೊರಳು. ಡ್ರಮ್ ಇಲ್ಲ, ಮೆರುಗೂ ಇಲ್ಲ. ರಿಚರ್ಡ್ಸರ ಬೆರಳುಗಳು ತಂತಿಯ ಮೇಲೆ ತುಸು ಎಡವಿದಂತೆ ಕೇಳುವ ಕಡೆಯೂ ಇದೆ. ಅದನ್ನು ತಿದ್ದದೆ ಬಿಟ್ಟಿದ್ದಾರೆ. ಮೂರು ನಿಮಿಷವೂ ಇಲ್ಲದ ಈ ಹಾಡನ್ನು ನಾನು ಉಳಿದ ಹನ್ನೊಂದಕ್ಕಿಂತ ಹೆಚ್ಚು ಸಲ ಕೇಳಿದ್ದೇನೆ.