ನಮ್ಮೂರ ಮಂಗನಿಗೂ ಒಂದು ಹಾಡು ಬೇಕು

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಮನೆಗಳಲ್ಲೂ ಈಗ ಮಕ್ಕಳಿಗೆ ತುತ್ತು ಇಳಿಯಬೇಕಾದರೆ ಮೊಬೈಲ್ ಬೇಕು. ಅದರೊಳಗೆ ಮಂಗ ಮಂಚದ ಮೇಲೆ ಕುಣಿಯುತ್ತದೆ, ಮಗು ನಗುತ್ತದೆ.

ಪ್ರಾಣಿಗಳ ಹಾಡಿಗೆ ನಮ್ಮ ತಕರಾರಿಲ್ಲ. ನಾವೂ ಪುಣ್ಯಕೋಟಿಯನ್ನು, ರಾಜರತ್ನಂ ಅವರ ನಾಯಿಮರಿಯನ್ನು ಹಾಡಿಕೊಂಡೇ ಬೆಳೆದವರು. ಕುಪ್ಪಳಿಯ ಕುವೆಂಪು ಬ್ರೌನಿಂಗ್ ಪದ್ಯದ ಇಲಿಗಳನ್ನು ಬೊಮ್ಮನಹಳ್ಳಿಗೆ ತಂದಾಗ ಅವೂ ಕನ್ನಡದ ಇಲಿಗಳೇ ಆದವು. 2009ರಲ್ಲಿ ಚಿಂಟು ಟಿವಿ ಬಂತು. ಅಲ್ಲಿ ಹೆಚ್ಚಾಗಿ ಕಂಡದ್ದು ಡಬ್ ಆದ ಕಾರ್ಟೂನು.

ಆದರೆ ಮಲೆನಾಡಿನ ಮಂಗ ಬರೀ ತಮಾಷೆಯ ಪ್ರಾಣಿಯಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಾದ ಮಂಗನ ಕಾಯಿಲೆ 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಜೀವಗಳನ್ನೇ ತೆಗೆಯಿತು. ಮಂಗ ಸತ್ತರೆ ಅದರ ಮೈಮೇಲಿನ ಉಣುಗುಗಳು ಸುತ್ತಲೂ ಹರಡುತ್ತವೆ. ಮನುಷ್ಯರಿಗೆ ಕಾಯಿಲೆ ಅಂಟಿಸುವುದು ಅವೇ. ಸತ್ತ ಮಂಗ ಕಂಡರೆ ಹತ್ತಿರ ಹೋಗಬಾರದು, ಆಶಾ ಕಾರ್ಯಕರ್ತೆಗೆ ತಿಳಿಸಬೇಕು. ಈ ಮಾತು ಕರಪತ್ರದಲ್ಲಿದೆ. ಓದಲು ಬಾರದ ಮಗುವಿಗೆ ಕರಪತ್ರ ಏನು ಹೇಳೀತು? ಹಾಡಾದರೆ ಎರಡೇ ದಿನಕ್ಕೆ ಬಾಯಿಪಾಠ.

ಹಾಡು ಕಟ್ಟುವವರಿಗೆ ನಮ್ಮಲ್ಲೇನು ಬರವೇ? ಹೆಗ್ಗೋಡಿನಲ್ಲಿ ನೀನಾಸಂ ಇದೆ, ಮಕ್ಕಳ ನಾಟಕವಾಡುವ ತುಮರಿಯ ಕಿನ್ನರ ಮೇಳವಿದೆ. ದಿನವೂ ಅಭಿನಯ ಗೀತೆ ಹಾಡಿಸುವ ಅಂಗನವಾಡಿ ಟೀಚರುಗಳಿದ್ದಾರೆ. ಆರೋಗ್ಯ ಇಲಾಖೆ ಕರಪತ್ರದ ಖರ್ಚಿನಲ್ಲಿ ಒಂದು ಪಾಲನ್ನು ಇವರ ಕೈಗಿಡಲಿ. ಕಾಯಿಲೆ ಜೋರಾಗುವುದು ಬೇಸಿಗೆಯಲ್ಲಿ; ಅದಕ್ಕೆ ಮೊದಲೇ ಹಾಡು ಮಕ್ಕಳ ಬಾಯಿಗೆ ಬರಲಿ.