ಮುಖ ಎಣಿಸಿದರೆ ಸಾಲದು

ಘನಾಕೃತಿಗೆ ಮುಖಗಳು ಆರು, ಅಂಚುಗಳು ಹನ್ನೆರಡು, ಶೃಂಗಗಳು ಎಂಟು. ನಮ್ಮ ಮಕ್ಕಳು ಇದನ್ನು ಮಗ್ಗಿಯಂತೆ ಒಪ್ಪಿಸುತ್ತಾರೆ; ಕೇಳಿ ನಾವು ಹಿಗ್ಗುತ್ತೇವೆ. ಆದರೆ ಬೆಂಕಿಪೊಟ್ಟಣಕ್ಕೂ ಲೆಕ್ಕ ಇದೇ. ಹಾಗಾದರೆ ಬೆಂಕಿಪೊಟ್ಟಣವೂ ಲೂಡೋ ಆಟದ ದಾಳವೂ ಒಂದೇ ಆಕಾರವೇ?

ಖಂಡಿತ ಅಲ್ಲ. ದಾಳದ ಆರು ಮುಖಗಳೂ ಸಮನಾದ ಚೌಕಗಳು. ಪೊಟ್ಟಣದವು ಆಯತಗಳು, ಎದುರುಬದುರಿನವು ಮಾತ್ರ ಸಮ. ಇನ್ನು ಐದು ಮುಖದ ಆಕಾರ ಯಾವುದು? ಚೌಕ ತಳದ ಪಿರಮಿಡ್ಡಿಗೂ ಐದು, ಪ್ರಯೋಗಾಲಯದ ಗಾಜಿನ ತ್ರಿಕೋನ ಪಟ್ಟಕಕ್ಕೂ ಐದು! ಮೊದಲನೆಯದರಲ್ಲಿ ಒಂದು ಚೌಕ, ನಾಲ್ಕು ತ್ರಿಕೋನ. ಎರಡನೆಯದರಲ್ಲಿ ಎರಡು ತ್ರಿಕೋನ, ಮೂರು ಆಯತ. ಬರೀ ಸಂಖ್ಯೆ ಕಲಿತ ಮಗು ಇಲ್ಲಿ ತಬ್ಬಿಬ್ಬಾಗದೆ ಇನ್ನೇನಾದೀತು?

ಪುಸ್ತಕದ ಚಿತ್ರದಲ್ಲಿ ದಾಳದ ಮೂರೇ ಮುಖ ಕಾಣುತ್ತವೆ. ಉಳಿದ ಮೂರನ್ನು ಕಾಣಬೇಕಾದರೆ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಬೇಕು. ಅಂಕ ಬಂದರೆ ಸಾಕೆನ್ನುವ ತಂದೆತಾಯಂದಿರು ಇದನ್ನು ಯೋಚಿಸಬೇಕು.

ಶಾಲೆಯ ಭಾಷೆ ಬೇರೆ, ಮನೆಯಲ್ಲಿ ಕನ್ನಡದಲ್ಲಿ ಹೇಳಿದರೆ ಮಗುವಿಗೆ ಗೊಂದಲ ಎಂಬುದು ಹೊರನಾಡಿನ ನಮ್ಮಲ್ಲಿ ಹಲವರ ನೆಪ. ಶಾಲೆಯ 'ಫೇಸ್' ಎಂದರೂ ಮುಖವೇ ಅಲ್ಲವೇ? ಆ ಮಾತು ತಿಳಿಯದ ಕನ್ನಡದ ಕೂಸುಂಟೆ?

ಇಂದು ಸಂಜೆಯೇ ಊದುಬತ್ತಿಯ ಪೆಟ್ಟಿಗೆಯೊಂದನ್ನು ಮಗುವಿನ ಕೈಗೆ ಕೊಡಿ. ಒಂದೊಂದು ಮುಖವನ್ನೂ ಕಾಗದದ ಮೇಲೊತ್ತಿ ಸುತ್ತ ಗೆರೆ ಎಳೆಯಲಿ. ಯಾವ ಮುಖಕ್ಕೆ ಯಾವುದು ಜೋಡಿಯೆಂದು ಕನ್ನಡದಲ್ಲೇ ಕೇಳಿ. ನಾಡಹಬ್ಬದ ವೇದಿಕೆಗೆ ಮೀಸಲಿಟ್ಟ ಭಾಷೆ ಮನೆಯ ಲೆಕ್ಕಕ್ಕೂ ಬರಲಿ.