ಗೋಣಿಚೀಲದ ಕಲೆ ಮತ್ತು ತೊಗರಿ ಸೀಮೆ

ಪ್ರತಿವರ್ಷ ಫೆಬ್ರುವರಿಯ ಮೊದಲ ದಿನಗಳಲ್ಲಿ ದೆಹಲಿಯ ಓಖ್ಲಾದಲ್ಲಿ ಇಂಡಿಯಾ ಆರ್ಟ್ ಫೇರ್ ನಡೆಯುತ್ತದೆ. 2008ರಲ್ಲಿ ‘ಇಂಡಿಯಾ ಆರ್ಟ್ ಸಮಿಟ್’ ಎಂಬ ಹೆಸರಿನಲ್ಲಿ ಶುರುವಾದ ಈ ಮೇಳಕ್ಕೆ ಈಗ ಹೊರದೇಶಗಳ ದೊಡ್ಡ ಗ್ಯಾಲರಿಗಳೂ ಬರುತ್ತವೆ. ಮೇಳ ಮುಗಿಯುವ ಮೊದಲೇ ‘ನೋಡಲೇಬೇಕಾದ ವಿದೇಶಿ ಕಲಾಕೃತಿಗಳು’ ಎಂಬ ಪಟ್ಟಿಗಳು ಹೊರಬೀಳುತ್ತವೆ. ಆ ಹೊತ್ತಿಗೆ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿಯಲ್ಲಿ ತೊಗರಿ ರಾಶಿ ಮುಗಿಯುತ್ತಾ ಬಂದು, ಚೀಲಗಳು ಅಡತ್ ಅಂಗಡಿಗಳ ಮುಂದೆ ಪೇರಿರುತ್ತವೆ. ದರ ಏರುತ್ತದೋ ಇಳಿಯುತ್ತದೋ ಎಂಬುದೇ ಅಲ್ಲಿ ಊರೆಲ್ಲ ಮಾತು.

ಈ ಮೂರು ತಾಲ್ಲೂಕುಗಳ ಕಣ್ಣಿನಿಂದ ಅಂಥದೊಂದು ಪಟ್ಟಿ ಮಾಡಿದರೆ ಯಾವ ಕೃತಿ ಮೊದಲು ಬರಬೇಕು? ನನಗೆ ಅನುಮಾನವೇ ಇಲ್ಲ. ಘಾನಾ ದೇಶದ ಇಬ್ರಾಹಿಂ ಮಹಾಮಾ ಅವರ ಗೋಣಿಚೀಲಗಳು.

ಮಹಾಮಾ ಹುಟ್ಟಿದ್ದು 1987ರಲ್ಲಿ, ಘಾನಾದ ಉತ್ತರದ ತಮಾಲೆ ಪಟ್ಟಣದಲ್ಲಿ. ಸಂತೆಗಳಲ್ಲಿ ಹಳೆಯ ಗೋಣಿಚೀಲ ಕಂಡರೆ ಹೊಸ ಚೀಲ ಕೊಟ್ಟು ಹಳೆಯದನ್ನು ಪಡೆಯುತ್ತಾರೆ. ಆ ಚೀಲಗಳ ಸೆಣಬು ನಮ್ಮ ಕಡೆಯದು: ಭಾರತ, ಬಾಂಗ್ಲಾದೇಶದಲ್ಲಿ ನೇಯ್ದು ಘಾನಾಕ್ಕೆ ಹೋಗಿದ್ದು. ಅಲ್ಲಿ ಚೀಲ ಮೊದಲು ಕೋಕೊ ಬೀಜ ತುಂಬಿಸಿಕೊಳ್ಳುತ್ತದೆ, ಆಮೇಲೆ ಕಾಳುಕಡಿ, ಕೊನೆಗೆ ಇದ್ದಿಲು. ಹೀಗೆ ಸವೆದ ನೂರಾರು ಚೀಲಗಳನ್ನು, ಕೆಲಸ ಹುಡುಕಿ ಊರು ಬಿಟ್ಟು ಬಂದವರ ಜೊತೆ ಕೂತು ಹೊಲಿದು, ಇಡೀ ಕಟ್ಟಡಗಳಿಗೆ ಹೊದಿಸುತ್ತಾರೆ. 2015ರ ವೆನಿಸ್ ಬಿನಾಲೆಯಲ್ಲಿ ಆರ್ಸೆನಾಲೆಯ ಉದ್ದನೆಯ ಓಣಿಯ ಎರಡೂ ಗೋಡೆಗಳಿಗೆ ಅವರು ಹೊದಿಸಿದ್ದು ಇವೇ ಚೀಲಗಳನ್ನು. 2017ರಲ್ಲಿ ಜರ್ಮನಿಯ ಕಾಸೆಲ್‌ನಲ್ಲಿ ನಡೆದ ‘ಡಾಕ್ಯುಮೆಂಟಾ’ದಲ್ಲಿ ಹಳೆಯ ಕಾವಲುಕಟ್ಟಡವೊಂದು ಗೋಣಿ ಹೊದ್ದು ನಿಂತಿತ್ತು.

ಕಲಾವಿಮರ್ಶಕರು ಆ ಗೋಣಿಯಲ್ಲಿ ಜಾಗತಿಕ ವ್ಯಾಪಾರದ ಚರಿತ್ರೆ ಓದುತ್ತಾರೆ. ಅದು ಸರಿಯೇ. ಆದರೆ ಜೇವರ್ಗಿಯ ಹಮಾಲರೊಬ್ಬರು ಅದರ ಮುಂದೆ ನಿಂತರೆ ಇನ್ನೂ ಹತ್ತಿರದ ಸಂಗತಿಗಳು ಕಾಣುತ್ತವೆ. ಕೊಕ್ಕೆ ಎಲ್ಲಿ ಬಿದ್ದು ಹರಿದಿದೆ, ಸುತಳಿ ಹಾಕಿ ದಬ್ಬಣದಿಂದ ಎಷ್ಟು ಸಲ ಹೊಲಿದಿದ್ದಾರೆ, ಬಾಯಿ ಹತ್ತಿರ ಬರೆದ ಗುರುತು ಯಾವ ಮಾಲೀಕನದು, ಬೆನ್ನಿಗೆ ತಾಗುವ ಕಡೆ ಬೆವರು ಎಷ್ಟು ಕುಡಿದಿದೆ. ಚೀಲದ ಭಾರವನ್ನು ಓದಿ ತಿಳಿದವರಿಗೂ ಹೊತ್ತು ತಿಳಿದವರಿಗೂ ವ್ಯತ್ಯಾಸವಿದೆ. ಮಹಾಮಾರ ಕೃತಿ ಕಾಯುತ್ತಿರುವುದು ಎರಡನೆಯವರ ಕಣ್ಣಿಗೆ ಎಂದು ನನಗೆ ಅನ್ನಿಸುತ್ತದೆ. ಗುಲ್ಬರ್ಗ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಬೇಳೆಗೆ ಹೆಸರು ಬಂತು, ಹೊತ್ತ ಬೆನ್ನಿಗೆ ಬರಲಿಲ್ಲ. ಮಹಾಮಾ ಹೊಲಿಯುವುದು ಆ ಬೆನ್ನಿನ ಕಥೆಯನ್ನು.

ನನ್ನ ಪಟ್ಟಿಯಲ್ಲಿ ಎರಡನೆಯದು ಕೊಚ್ಚಿಯ ಬಿನಾಲೆಯಲ್ಲಿ 2016ರ ಡಿಸೆಂಬರ್‌ನಿಂದ ಕೆಲವು ತಿಂಗಳು ಇದ್ದ ಕೃತಿ. ಆ ಸಲದ ಬಿನಾಲೆಯ ಕ್ಯುರೇಟರ್ ಮಂಗಳೂರಿನಲ್ಲಿ ಹುಟ್ಟಿದ ಸುದರ್ಶನ್ ಶೆಟ್ಟಿ. ಚಿಲಿ ದೇಶದ ಕವಿ ರಾವುಲ್ ಝುರಿಟಾ ಆಸ್ಪಿನ್‌ವಾಲ್ ಹೌಸ್‌ನ ದೊಡ್ಡ ಉಗ್ರಾಣವೊಂದಕ್ಕೆ ಮೊಣಕಾಲು ಮುಟ್ಟುವಷ್ಟು ಸಮುದ್ರದ ನೀರು ತುಂಬಿಸಿದ್ದರು. ಚಪ್ಪಲಿ ಕೈಯಲ್ಲಿ ಹಿಡಿದು, ಬಟ್ಟೆ ಎತ್ತಿಕೊಂಡು, ನೀರಿನಲ್ಲಿ ನಡೆದುಹೋದರೆ ಮಾತ್ರ ಕೊನೆಯ ಗೋಡೆಯ ಮೇಲಿನ ಬರಹ ಸಿಗುತ್ತಿತ್ತು. 2015ರಲ್ಲಿ ಟರ್ಕಿಯ ದಡದಲ್ಲಿ ಸಿಕ್ಕ ಸಿರಿಯಾದ ಮಗು ಅಲನ್ ಕುರ್ದಿಯ ಚಿತ್ರವನ್ನು ಜಗತ್ತೆಲ್ಲ ನೋಡಿತು. ಅದೇ ದೋಣಿಯಲ್ಲಿ ಸತ್ತ ಅವನ ಅಣ್ಣ ಗಾಲಿಪ್‌ನ ಅಂಥ ಚಿತ್ರ ಜಗತ್ತಿನೆದುರು ಬರಲಿಲ್ಲ. ಝುರಿಟಾ ಆ ನೀರನ್ನು ಕೊಟ್ಟಿದ್ದು ಗಾಲಿಪ್‌ಗೆ.

2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ನದಿದಂಡೆಯ ಹಳ್ಳಿಗಳಿಗೆ ನುಗ್ಗಿದಾಗ ಜನ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಡೆದಿದ್ದು ಇಂಥದೇ ನೀರಿನಲ್ಲಿ. ಅವರಿಗೆ ಆ ಕೃತಿಯನ್ನು ಯಾರೂ ವಿವರಿಸಬೇಕಾಗಿಲ್ಲ.

ದಕ್ಷಿಣ ಆಫ್ರಿಕಾದ ವಿಲಿಯಂ ಕೆಂಟ್ರಿಜ್ ಅವರ ಮೆರವಣಿಗೆಯ ವಿಡಿಯೊ 2018ರಲ್ಲಿ ಕೊಚ್ಚಿಗೆ ಬಂದಿತ್ತು. ಸಾಲು ಪರದೆಗಳ ಮೇಲೆ ವಾದ್ಯದವರು, ಗಂಟು ಹೊತ್ತವರು, ರೋಗಿಗಳು, ಕುಣಿಯುವ ಅಸ್ಥಿಪಂಜರಗಳು ಒಂದೇ ದಿಕ್ಕಿಗೆ ಸಾಗುತ್ತಿರುತ್ತವೆ. ಪುಣೆ, ಮುಂಬೈಗೆ ಗುಳೆ ಹೊರಟವರನ್ನೂ ಜಾತ್ರೆಗೆ ಹೊರಟವರನ್ನೂ ಒಂದೇ ಬಸ್ ನಿಲ್ದಾಣದಲ್ಲಿ ಕಂಡ ನಮಗೆ, ಸಂಭ್ರಮ ಮತ್ತು ಸಂಕಟ ಒಂದೇ ಸಾಲಿನಲ್ಲಿ ನಡೆಯುವುದು ಹೊಸದಲ್ಲ. ಇನ್ನು ಘಾನಾ ಮೂಲದ ಎಲ್ ಅನಾಟ್ಸುಯಿ ಮದ್ಯದ ಬಾಟಲಿಗಳ ಮುಚ್ಚಳ ಬಡಿದು ತಾಮ್ರದ ತಂತಿಯಿಂದ ಪೋಣಿಸಿ ಮಾಡುವ ಹೊಳೆಯುವ ಹೊದಿಕೆಗಳನ್ನು, ಕನ್ನಡಿ ಚೂರು ಕೂರಿಸಿ ಬಟ್ಟೆ ಹೊಲಿಯುವ ತಾಂಡಾದ ಅಜ್ಜಿಯರಿಗೆ ತೋರಿಸಬೇಕೆಂಬುದು ನನ್ನ ಬಹುದಿನದ ಆಸೆ.

ಇಲ್ಲಿ ಒಂದು ಎಚ್ಚರ ಬೇಕು. ‘ಇದೆಲ್ಲ ನಮ್ಮಲ್ಲೂ ಇದೆ’ ಎಂದು ಎದೆ ತಟ್ಟಿಕೊಂಡರೆ ಮಾತು ಅಲ್ಲಿಗೇ ನಿಲ್ಲುತ್ತದೆ. ತಾಂಡಾದ ಹೊಲಿಗೆ ಬೇರೆ, ಅನಾಟ್ಸುಯಿ ಬೇರೆ. ಸಾಮಗ್ರಿ ಎಲ್ಲರ ಮನೆಯಲ್ಲಿ ಇರುತ್ತದೆ. ಅದನ್ನು ಎಲ್ಲಿ ನಿಲ್ಲಿಸಿದರೆ ಅದು ಬಾಯಿ ಬಿಡುತ್ತದೆ ಎಂಬುದು ಕಲಾವಿದನ ತೀರ್ಮಾನ. ಇದಕ್ಕೆ ನಮ್ಮವರದೇ ಉದಾಹರಣೆ ಇದೆ. ಭದ್ರಾವತಿಯಲ್ಲಿ 1957ರಲ್ಲಿ ಹುಟ್ಟಿದ ಶೀಲಾ ಗೌಡ ಚಿತ್ರಕಲೆಯಲ್ಲಿ ಪಳಗಿದವರು. ತೊಂಬತ್ತರ ದಶಕದಲ್ಲಿ ಕ್ಯಾನ್ವಾಸ್ ಬಿಟ್ಟು ಸಗಣಿ, ಕುಂಕುಮ, ಸೂಜಿ, ದಾರ ಹಿಡಿದರು. ಒಂದು ಕೃತಿಯಲ್ಲಿ ನೂರಾರು ಅಡಿ ದಾರವನ್ನು ಸೂಜಿಗಳಲ್ಲಿ ಪೋಣಿಸಿ, ಕುಂಕುಮ ಬಳಿದು, ಹಗ್ಗದ ಹಾಗೆ ಕೋಣೆಯೆಲ್ಲ ಹರಿಯಬಿಟ್ಟರು. ಹೆಂಗಸರ ದುಡಿಮೆಯೂ ನೋವೂ ಒಂದೇ ಎಳೆಯಲ್ಲಿ ಕೆಂಪಾಗಿ ಹರಿದಂತೆ. ವಾಹನಗಳ ಬಂಪರ್‌ಗೆ ದೃಷ್ಟಿ ತಾಗದಿರಲೆಂದು ಕಟ್ಟುವ ಕೂದಲ ಹಗ್ಗದಿಂದ ಅವರು ಮಾಡಿದ ಕೃತಿ ಈಗ ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ಆಳಂದದ ಲಾರಿಯವರಿಗೆ ಚೆನ್ನಾಗಿ ಗೊತ್ತಿರುವ ಹಗ್ಗ ಅದು. ಅದನ್ನು ಕಲೆಯಾಗಿ ನೋಡಲು ಅವರು ಲಂಡನ್ನಿಗೆ ಹೋಗಬೇಕು.

ಹಾಗೆಂದು ಈ ಸೀಮೆಗೆ ಚಿತ್ರ ಹೊಸತೇನಲ್ಲ. ಕಲಬುರಗಿಯಲ್ಲಿ 1916ರಲ್ಲಿ ಹುಟ್ಟಿದ ಎಸ್.ಎಂ. ಪಂಡಿತರು ಮುಂಬೈಯಲ್ಲಿ ಸಿನಿಮಾ ಪೋಸ್ಟರ್ ಬರೆದರು, ಪುರಾಣದ ಕ್ಯಾಲೆಂಡರ್ ಚಿತ್ರಗಳಿಂದ ದೇಶದ ಮನೆಮನೆಯ ಗೋಡೆಗೆ ಹೋದರು. ಅವರ ಹೆಸರಿನ ರಂಗಮಂದಿರ ಕಲಬುರಗಿಯಲ್ಲಿದೆ. ಅದಕ್ಕೂ ಹಿಂದೆ ಹೋದರೆ, ಅಫಜಲಪುರ, ಜೇವರ್ಗಿ ದಾಟಿದ ಭೀಮೆ ಚಿತ್ತಾಪುರ ತಾಲ್ಲೂಕಿನ ಸನ್ನತಿ, ಕನಗನಹಳ್ಳಿಯ ಪಕ್ಕ ಹರಿಯುತ್ತದೆ. 1994ರಿಂದ ನಡೆದ ಉತ್ಖನನದಲ್ಲಿ ಅಲ್ಲಿ ಸುಣ್ಣಕಲ್ಲಿನ ಸ್ತೂಪ ಸಿಕ್ಕಿತು. ಅಶೋಕನ ಹೆಸರು ಕೊರೆದ ಉಬ್ಬುಶಿಲ್ಪವೂ ಸಿಕ್ಕಿತು. ಕಲ್ಲುಗಳ ಮೇಲೆ ದಾನಿಗಳ ಹೆಸರುಗಳಿವೆ. ವರ್ತಕರು, ಗೃಹಸ್ಥರು, ಭಿಕ್ಷುಣಿಯರು ತಮ್ಮ ಕೈಲಾದಷ್ಟು ಕೊಟ್ಟು ಆ ಶಿಲ್ಪ ಕೆತ್ತಿಸಿದ್ದರು. ‘ಕುಡಿಯುವ ನೀರು, ಶಾಲೆಯ ಚಾವಣಿ ಮೊದಲು, ಕಲೆ ಆಮೇಲೆ’ ಎನ್ನುವವರ ಕಳಕಳಿಯನ್ನು ನಾನು ಗೌರವಿಸುತ್ತೇನೆ. ಆದರೆ ಎರಡು ಸಾವಿರ ವರ್ಷಗಳ ಹಿಂದೆ ಇದೇ ನದಿಯ ದಂಡೆಯವರು ಒಂದು ಮುಗಿದ ಮೇಲೆ ಇನ್ನೊಂದು ಎಂದು ಕಾದು ಕೂರಲಿಲ್ಲ.

ಸಂವಿಧಾನದ 371(ಜೆ) ವಿಧಿಯಿಂದ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಸಿಕ್ಕಿದೆ. ಪ್ರದೇಶಾಭಿವೃದ್ಧಿ ಮಂಡಳಿಗೆ ಇತ್ತೀಚಿನ ಬಜೆಟ್‌ಗಳಲ್ಲಿ ವರ್ಷಕ್ಕೆ 5,000 ಕೋಟಿ ರೂಪಾಯಿ ಘೋಷಣೆಯಾಗಿದೆ. ಆ ಮೊತ್ತದ ಎದುರು ನಾನು ಕೇಳುವುದು ಕಾಳಿನಷ್ಟು. ಮೂರು ತಾಲ್ಲೂಕುಗಳಿಗೆ ಆರ್ಟ್ ಫೇರ್ ಬೇಕಾಗಿಲ್ಲ. ಅದು ಮಾರುವ ಜಾಗ, ಕೊಳ್ಳುವವರು ಇಲ್ಲಿಲ್ಲ. ನೋಡುವ ಜಾಗ ಬೇಕು. ಕೆಂಟ್ರಿಜ್‌ರಂಥವರ ವಿಡಿಯೊ ಕೃತಿಗಳಿಗೆ ವಿಮೆ, ಹಡಗು, ಮರದ ಪೆಟ್ಟಿಗೆ ಏನೂ ಬೇಡ. ಅನುಮತಿ, ಕತ್ತಲೆ ಕೋಣೆ, ಪ್ರೊಜೆಕ್ಟರ್ ಇದ್ದರೆ ಸಾಕು. ಕಲಬುರಗಿಯ ಕಲಾ ಕಾಲೇಜುಗಳಲ್ಲಿ ಓದುವ ಹುಡುಗ ಹುಡುಗಿಯರೇ ಜೊತೆಗಿದ್ದು ಮಾತನಾಡಿಸಬಹುದು. ಲಲಿತಕಲಾ ಅಕಾಡೆಮಿ ತನ್ನ ಶಿಬಿರವನ್ನು ಜಿಲ್ಲಾ ಕೇಂದ್ರದಲ್ಲಿ ನಿಲ್ಲಿಸದೆ ನಲವತ್ತು ಕಿಲೊಮೀಟರ್ ಮುಂದೆ ತಂದರೆ ಆಯಿತು.

ಸಮಯವನ್ನೂ ಯೋಚಿಸಿ ಇಡಬೇಕು. ಬೆಂಗಳೂರಿನ ಚಿತ್ರಸಂತೆ ಜನವರಿಯಲ್ಲಿ, ಕೊಚ್ಚಿ ಬಿನಾಲೆಯ ಆರಂಭ ಡಿಸೆಂಬರ್‌ನಲ್ಲಿ, ದೆಹಲಿ ಮೇಳ ಫೆಬ್ರುವರಿಯಲ್ಲಿ. ಎಲ್ಲವೂ ನಮ್ಮ ರಾಶಿಯ ಕಾಲದಲ್ಲೇ. ಹೊಲ ಬಿಟ್ಟು ಯಾರು ಹೋದಾರು? ಹೋಳಿ ಕಳೆದು ಶರಣಬಸವೇಶ್ವರರ ತೇರು ಎಳೆಯುವ ಹೊತ್ತಿಗೆ ಕೈ ಖಾಲಿಯಾಗುತ್ತದೆ, ಎಪಿಎಂಸಿಯ ಕಟ್ಟೆಗಳೂ ಅರ್ಧ ಖಾಲಿ. ಅಲ್ಲಿ ಗೋಡೆ ಇದೆ, ನೆರಳಿದೆ, ಮೂಲೆಯಲ್ಲಿ ಹಳೆಯ ಚೀಲಗಳ ಗುಡ್ಡೆಯೂ ಇದೆ. ಒಂದು ಪರದೆಯ ಮೇಲೆ ಮಹಾಮಾರ ಕಟ್ಟಡ ತೋರಿಸಿ, ಕೆಳಗೆ ಹತ್ತು ದಬ್ಬಣ, ಒಂದು ಉಂಡೆ ಸುತಳಿ ಇಟ್ಟರೆ, ಮೊದಲು ಕೈ ಹಾಕುವವರು ಹಮಾಲರೇ ಆಗಿರುತ್ತಾರೆ.